ಎರಡನೇ ಮಾಳಿಗೆ ಶೆಟ್ಟರು, ಮೂರನೇ ಮಾಳಿಗೆ ಶೆಟ್ಟರು

ಕೇಳುಗರಿಗೆ ನಮಸ್ಕಾರ.

ಮುಂಬೈಯ ಮಾಟುಂಗದಲ್ಲಿ ನಮ್ಮ ಕಟ್ಟಡದ ಒಬ್ಬ ಅಜ್ಜಿಗೆ ಕಳೆದ ತಿಂಗಳು ತಲೆಸುತ್ತು ಬಂತು. ರಕ್ತ ಪರೀಕ್ಷೆ ಮಾಡಿಸಿದರು. "ಸೋಡಿಯಂ ಕಡಿಮೆ ಇದೆ" ಅಂದರು ಡಾಕ್ಟರು. ಅಜ್ಜಿಯ ಮೊಮ್ಮಗಳು ಒಂಬತ್ತನೇ ಕ್ಲಾಸು, ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುತ್ತಾಳೆ. ಬಂದವಳೇ ಕೇಳಿದಳು: "ಸರ್, ಸೋಡಿಯಂ ನೀರಿಗೆ ಬಿದ್ದರೆ ಬೆಂಕಿ ಹತ್ತುತ್ತದೆ ಅಂತ ನೀವೇ ಹೇಳಿದ್ದಿರಿ. ರಕ್ತದಲ್ಲಿ ನೀರೇ ಜಾಸ್ತಿ ಅಲ್ವಾ? ಮತ್ತೆ ಅಜ್ಜಿಯ ಮೈಯಲ್ಲಿ ಅದು ಹೇಗೆ ಸುಮ್ನೆ ಕೂತಿದೆ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆ ಸಿಕ್ಕಿದ್ದು ಕಡಿಮೆ.

ತಪ್ಪು ಹುಡುಗಿಯದಲ್ಲ, ಹೆಸರಿನದು. ರಕ್ತದಲ್ಲಿ ಇರುವುದು ಸೋಡಿಯಂ ಲೋಹ ಅಲ್ಲ, ಸೋಡಿಯಂ ಅಯಾನು. ಸೋಡಿಯಂ ಪರಮಾಣುವಿನಲ್ಲಿ 11 ಪ್ರೋಟಾನು, 11 ಎಲೆಕ್ಟ್ರಾನು. ಪ್ರೋಟಾನಿನ ವಿದ್ಯುತ್ತು ಪ್ಲಸ್, ಎಲೆಕ್ಟ್ರಾನಿನದು ಮೈನಸ್. ಲೆಕ್ಕ ಸರಿಸಮ. ಹೊರಗಿನ ಒಂದು ಎಲೆಕ್ಟ್ರಾನು ಬಿಟ್ಟು ಹೋದರೆ 10 ಉಳಿಯಿತು. ಪ್ರೋಟಾನು ಮಾತ್ರ 11 ಹಾಗೇ ಇದೆ. ಅಲ್ಲಿಗೆ ಒಂದು ಧನ ಆವೇಶ, ಅಂದರೆ ಒಂದು ಪ್ಲಸ್, ಬಂತು. ಹೀಗೆ ಆವೇಶ ಬಂದ ಪರಮಾಣುವೇ ಅಯಾನು. ಆವೇಶ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ಭೂತದ ಕೋಲ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಎಲ್ಲಾ ಉಲ್ಟಾ. ಆವೇಶ ಬಂದ ಮೇಲೆಯೇ ಸೋಡಿಯಂ ಶಾಂತ.

ಇನ್ನು ಕ್ಲೋರಿನ್. ನಲ್ಲಿ ನೀರಿಗೆ ಒಂದೊಂದು ದಿನ ಗಾಢವಾಗಿ ಬರುತ್ತದಲ್ಲ, ಆ ವಾಸನೆ. ಒಂದು ಎಲೆಕ್ಟ್ರಾನು ಪಡೆದರೆ ಅದು ಋಣ ಅಯಾನು. ಆಗ ಅದನ್ನು ಕ್ಲೋರಿನ್ ಅನ್ನುವುದಿಲ್ಲ, ಕ್ಲೋರೈಡ್ ಅನ್ನುತ್ತೇವೆ. ಹೆಸರಿನ ಬಾಲ ಕತ್ತರಿಸಿ 'ಐಡ್' ಅಂಟಿಸಿದ್ದು. ಆಕ್ಸಿಜನ್ ಆಕ್ಸೈಡ್ ಆಗುತ್ತದೆ, ಸಲ್ಫರ್ ಸಲ್ಫೈಡ್, ಫ್ಲೋರಿನ್ ಫ್ಲೋರೈಡ್. ಟೂತ್‌ಪೇಸ್ಟಿನ ಡಬ್ಬಿಯ ಮೇಲೆ ನೀವು ಓದುವುದು ಇದನ್ನೇ.

ಲೋಹಕ್ಕೆ ಮಾತ್ರ ಈ ಭಾಗ್ಯ ಇಲ್ಲ. ಎಲೆಕ್ಟ್ರಾನು ಬಿಟ್ಟು ಹೋದರೂ ಅದೇ ಹೆಸರು. 'ಅಯಾನು' ಅನ್ನುವ ಮಾತನ್ನು ನಾವೇ ಸೇರಿಸಬೇಕು, ಸೇರಿಸುವುದಿಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ, ಬಾಳೆಹಣ್ಣಿನಲ್ಲಿ ಪೊಟ್ಯಾಷಿಯಂ ಅನ್ನುತ್ತೇವೆ, ಲೋಹದ ಚೂರು ನುಂಗಿದ ಹಾಗೆ. ಕ್ಲೋರಿನ್‌ಗೊಂದು ನ್ಯಾಯ, ಸೋಡಿಯಂಗೊಂದು ನ್ಯಾಯ. ನನಗಂತೂ ಇದು ಸರಿ ಕಾಣುವುದಿಲ್ಲ.

ಅಯಾನು ಅನ್ನುವ ಹೆಸರನ್ನು 1834ರಲ್ಲಿ ಬಳಕೆಗೆ ತಂದದ್ದು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ. ಗ್ರೀಕ್‌ನಲ್ಲಿ ಅದರ ಅರ್ಥ 'ಹೋಗುವಂಥದ್ದು'. ದ್ರಾವಣಕ್ಕೆ ವಿದ್ಯುತ್ ಹರಿಸಿದರೆ ಅಯಾನುಗಳು ಆಚೆ ಕಡೆಗೋ ಈಚೆ ಕಡೆಗೋ ಹೊರಡುತ್ತವೆ, ಅದಕ್ಕೆ. ವಡಾಳಾ, ಭಾಂಡೂಪ್ ಕಡೆಯ ಉಪ್ಪಿನ ಆಗರ ನೋಡಿದವರು ನೆನಪಿಸಿಕೊಳ್ಳಿ. ಇಲ್ಲಿನವರು ಮಿಠಾಗರ ಅನ್ನುತ್ತಾರೆ. ಆ ಸಮುದ್ರದ ನೀರಿನಲ್ಲಿ ಸೋಡಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ ತಿರುಗಾಡುತ್ತಿರುತ್ತವೆ. ಬಿಸಿಲಿಗೆ ನೀರು ಆರಿದಾಗ ಎರಡೂ ಹತ್ತಿರ ಬಂದು ಉಪ್ಪಿನ ಹರಳಾಗುತ್ತವೆ.

ಮಕ್ಕಳು ನಿಜವಾಗಿ ಎಡವುವುದು ಕಬ್ಬಿಣದಲ್ಲಿ. ನಮ್ಮ ಕಟ್ಟಡದಲ್ಲಿ ಕಾಮತರು ಒಬ್ಬರೇ. 'ಕಾಮತರ ಮನೆ' ಅಂದರೆ ಸಾಕು, ಪೋಸ್ಟಿನವನಿಗೂ ಗೊತ್ತು. ಶೆಟ್ಟರು ಇಬ್ಬರು. ಹಾಗಾಗಿ ಎರಡನೇ ಮಾಳಿಗೆ ಶೆಟ್ಟರು, ಮೂರನೇ ಮಾಳಿಗೆ ಶೆಟ್ಟರು ಅನ್ನಲೇಬೇಕು. ಸೋಡಿಯಂ ಅಯಾನಿಗೆ ಯಾವಾಗಲೂ ಒಂದೇ ಧನ ಆವೇಶ, ಕ್ಯಾಲ್ಸಿಯಂಗೆ ಎರಡೇ. ಅವು ಕಾಮತರು, ಸಂಖ್ಯೆ ಹೇಳಬೇಕಾಗಿಲ್ಲ. ಕಬ್ಬಿಣ ಒಮ್ಮೆ ಎರಡು ಎಲೆಕ್ಟ್ರಾನು ಬಿಡುತ್ತದೆ, ಒಮ್ಮೆ ಮೂರು. ಆದ್ದರಿಂದ ಐರನ್ ಎರಡು, ಐರನ್ ಮೂರು ಅಂತ ರೋಮನ್ ಅಂಕಿ ಬರೆಯುವ ಪದ್ಧತಿ. ಇದನ್ನು ಹಾಕಿಕೊಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಆಲ್‌ಫ್ರೆಡ್ ಸ್ಟಾಕ್.

ಹಳೆಯ ಹೆಸರು ಇನ್ನೂ ಓಡಾಡುತ್ತಿವೆ. ರಕ್ತಹೀನತೆಗೆ ಕೊಡುವ ಮಾತ್ರೆಯ ಮೇಲೆ ಫೆರಸ್ ಸಲ್ಫೇಟ್ ಅಂತ ಇರುತ್ತದೆ. ಫೆರಸ್ ಅಂದರೆ ಎರಡು. ನಮ್ಮ ಮಳೆಗಾಲದಲ್ಲಿ ಕಿಟಕಿಯ ಸರಳಿಗೆ ಹಿಡಿಯುವ ಕೆಂಪು ತುಕ್ಕು ಫೆರಿಕ್, ಅಂದರೆ ಮೂರು. 'ಅಸ್' ಕಡಿಮೆಯದು, 'ಇಕ್' ಜಾಸ್ತಿಯದು. ತಾಮ್ರಕ್ಕೆ ಬಂದರೆ ಕ್ಯೂಪ್ರಸ್ ಒಂದು, ಕ್ಯೂಪ್ರಿಕ್ ಎರಡು! ಬಾಲ ನೋಡಿ ಸಂಖ್ಯೆ ಹೇಳಲು ಆಗುವುದಿಲ್ಲ. ಅದಕ್ಕೇ ರೋಮನ್ ಅಂಕಿ ವಾಸಿ.

ಆ ಅಂಕಿಯನ್ನೂ ತಪ್ಪಾಗಿ ಓದುತ್ತಾರೆ. ಐರನ್ ಮೂರು ಆಕ್ಸೈಡ್ ಅಂದರೆ ಕಬ್ಬಿಣದ ಅಯಾನು ಮೂರು ಅಂತ ಬರೆದುಬಿಡುತ್ತಾರೆ. ಮೂರನೇ ಮಾಳಿಗೆ ಶೆಟ್ಟರು ಅಂದರೆ ಶೆಟ್ಟರು ಮೂರು ಜನ ಅಂತ ಅಲ್ಲವಲ್ಲ! ಅಂಕಿ ಹೇಳುವುದು ಒಂದೊಂದು ಕಬ್ಬಿಣದ ಅಯಾನಿನ ಆವೇಶ, ಧನ ಮೂರು. ಆಕ್ಸೈಡಿನ ಆವೇಶ ಋಣ ಎರಡು. ಎರಡು ಕಬ್ಬಿಣ ಸೇರಿ ಧನ ಆರು, ಮೂರು ಆಕ್ಸೈಡ್ ಸೇರಿ ಋಣ ಆರು. ಲೆಕ್ಕ ಚುಕ್ತಾ.

ಅಜ್ಜಿ ಈಗ ಚೆನ್ನಾಗಿದ್ದಾರೆ. ಮೊನ್ನೆ ಹುಡುಗಿ ಅವರ ರಿಪೋರ್ಟು ಹಿಡಿದುಕೊಂಡು ಬಂದಳು. ಸೋಡಿಯಂ ಮುಂದೆ ಪೆನ್ಸಿಲಿನಲ್ಲಿ ಪುಟ್ಟ ಪ್ಲಸ್, ಕ್ಲೋರೈಡ್ ಮುಂದೆ ಮೈನಸ್. "ಪೊಟ್ಯಾಷಿಯಂಗೂ ಪ್ಲಸ್ ಹಾಕಲಾ ಸರ್?" ಅಂದಳು. ಹಾಕು ಅಂದೆ.

ನಮಸ್ಕಾರ.