ಚೆಂಡು ಬಿದ್ದ ಜಾಗ ಬಿಡಿ, ಹಾರಿದ ದಾರಿ ನೋಡಿ

[ದೃಶ್ಯ: ಧಾರವಾಡದ ಹೊರಗೆ, ಜೋಳ ಕೊಯ್ದ ಖಾಲಿ ಹೊಲ. ಸೆವೆನ್ ಐರನ್ ಎಂಬ ಗಾಲ್ಫ್ ಕ್ಲಬ್‌ನ, ಅಂದರೆ ಚೆಂಡು ಹೊಡೆಯುವ ಕೋಲಿನ, ಒಂದು ಹೊಡೆತ.]

ನಮಸ್ಕಾರ್ರೀ. ಈ ಚೆಂಡು ಎಲ್ಲಿ ಬಿತ್ತು ಅಂತ ಹುಡುಕಬೇಡಿ. ಯಾವ ಕಡೆ ಹೊರಟಿತು, ಆಮೇಲೆ ಯಾವ ಕಡೆ ಬಾಗಿತು, ಅಷ್ಟೇ ನೋಡಿ. ಇನ್ನೊಂದು ಸಲ, ನಿಧಾನಕ್ಕೆ.

[ಸ್ಲೋ ಮೋಷನ್. ಚೆಂಡಿನ ದಾರಿಗೆ ಹಳದಿ ಗೆರೆ.]

ಹೊರಟದ್ದು ನೇರ. ಸ್ವಲ್ಪ ದೂರ ಹೋಗಿ ಬಲಕ್ಕೆ ಬಾಗಿತು. ಹೊಡೆದವರು ಬಲಗೈ ಆಟಗಾರರು. ಇದು ಸ್ಲೈಸ್. ಹೊಸದಾಗಿ ಗಾಲ್ಫ್ ಹಿಡಿದವರನ್ನು ಜಾಸ್ತಿ ಕಾಡುವುದು ಇದೇ.

ಪಕ್ಕದಲ್ಲಿ ನಿಂತವರು ತಕ್ಷಣ ಏನು ಹೇಳುತ್ತಾರೆ? "ನಿಮ್ಮ ಕ್ಲಬ್ ಫೇಸ್ ಓಪನ್ ಆಗಿತ್ತು, ಮಣಿಕಟ್ಟು ತಿರುಗಿಸ್ರಿ." ಫೇಸ್ ಅಂದರೆ ಕ್ಲಬ್ಬಿನಲ್ಲಿ ಚೆಂಡಿಗೆ ತಾಗುವ ಮುಖ. ಅದು ಟಾರ್ಗೆಟ್‌ಗಿಂತ ಬಲಕ್ಕೆ ನೋಡುತ್ತಿದ್ದರೆ ಓಪನ್. ಈ ಹೊಡೆತಕ್ಕೆ ಆ ಮಾತು ತಪ್ಪು. ಯಾಕೆ ಅಂತ ಹೇಳುತ್ತೇನೆ.

ಕ್ಲಬ್ಬಿಗೂ ಚೆಂಡಿಗೂ ಭೇಟಿ ಆಗುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಆ ಗಳಿಗೆಯಲ್ಲಿ ಫೇಸ್ ಎತ್ತ ನೋಡುತ್ತಿತ್ತೋ, ಚೆಂಡು ಹೊರಡುವುದು ಹೆಚ್ಚೂಕಡಿಮೆ ಅತ್ತಲೇ. ಐರನ್‌ಗಳಲ್ಲಿ ಹೊರಡುವ ದಿಕ್ಕಿನ ಮುಕ್ಕಾಲು ಪಾಲು ಫೇಸ್‌ನದು. ತುಂಬಾ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಲ್ಲಿ ಸುಮಾರು 85 ಪರ್ಸೆಂಟ್. ಉಳಿದದ್ದು ಪಾತ್, ಅಂದರೆ ಕ್ಲಬ್ ಬೀಸಿ ಬಂದ ದಾರಿ.

ಮೊದಲು ಇದನ್ನು ಉಲ್ಟಾ ಹೇಳಿಕೊಡುತ್ತಿದ್ದರು. ಚೆಂಡು ಪಾತ್ ಇದ್ದ ಕಡೆ ಹೊರಟು ಫೇಸ್ ನೋಡಿದ ಕಡೆ ಬಾಗುತ್ತದೆ ಅಂತ. 2003ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ತರಹದ ರೇಡಾರ್‌ಗಳು ಚೆಂಡನ್ನೂ ಕ್ಲಬ್ಬನ್ನೂ ಅಳೆಯತೊಡಗಿದ ಮೇಲೆ ಆ ಪಾಠ ತಪ್ಪು ಅಂತ ಗೊತ್ತಾಯಿತು. ಆದರೂ ಹಳೇ ಸಲಹೆ ಇನ್ನೂ ಓಡಾಡುತ್ತಿದೆ, ಅದೇ ಬೇಜಾರು.

[ಚಿತ್ರ: ಮೇಲಿನಿಂದ ಕಂಡ ಕ್ಲಬ್. ಫೇಸ್‌ಗೆ ಕೆಂಪು ಬಾಣ, ಪಾತ್‌ಗೆ ನೀಲಿ ಬಾಣ.]

ಬಾಗುವುದು ಯಾವಾಗ? ಈ ಎರಡು ಬಾಣ ಬೇರೆ ಬೇರೆ ಕಡೆ ನೋಡಿದಾಗ. ಚೆಂಡು ಹಿಂದಕ್ಕೆ ಸುತ್ತುತ್ತಾ ಹಾರುತ್ತದೆ. ವೃತ್ತಿಪರರ ಸೆವೆನ್ ಐರನ್‌ನಲ್ಲಿ ನಿಮಿಷಕ್ಕೆ 7000 ಸುತ್ತಿನ ಆಸುಪಾಸು. ಫೇಸ್ ಮತ್ತು ಪಾತ್ ನಡುವೆ ಅಂತರ ಬಿದ್ದರೆ ಆ ಸುತ್ತಿನ ಅಕ್ಷ ಓರೆಯಾಗುತ್ತದೆ. ಗಾಳಿ ಚೆಂಡನ್ನು ಆ ಕಡೆ ತಳ್ಳುತ್ತದೆ. ಜರ್ಮನಿಯ ಗುಸ್ಟಾವ್ ಮ್ಯಾಗ್ನಸ್ 1852ರಲ್ಲಿ ವಿವರಿಸಿದ ಶಕ್ತಿ ಇದು. ನಮ್ಮ ಗದಗಿನ ಸುನಿಲ್ ಜೋಶಿಯಂಥ ಎಡಗೈ ಸ್ಪಿನ್ನರ್‌ಗಳ ಚೆಂಡು ನೆಲಕ್ಕೆ ಬೀಳುವ ಮೊದಲೇ ಬಲಗೈ ಬ್ಯಾಟ್ಸ್‌ಮನ್ ಕಡೆ ತೇಲಿ ಬರುತ್ತದಲ್ಲ, ಅಲ್ಲೂ ಇದೇ ಕೆಲಸ.

ಈಗ ನಮ್ಮ ಹೊಡೆತಕ್ಕೆ ಬನ್ನಿ. ನೇರ ಹೊರಟಿತು, ಅಂದರೆ ಫೇಸ್ ಹೆಚ್ಚೂಕಡಿಮೆ ಸರಿ ಇತ್ತು. ಬಲಕ್ಕೆ ಬಾಗಿತು, ಅಂದರೆ ಫೇಸ್‌ಗಿಂತ ಪಾತ್ ಎಡಕ್ಕಿತ್ತು. ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆಯಿಂದ ಹೊಡೆದವರ ಕಡೆಗೆ, ಎಳೆದುಕೊಂಡು ಬಂದಿದೆ. ತಪ್ಪು ಮಣಿಕಟ್ಟಿನದಲ್ಲ, ಬೀಸಿದ ದಾರಿಯದು. ಸಲಹೆ ಕೇಳಿ ಮಣಿಕಟ್ಟು ತಿರುಗಿಸಿದ್ದರೆ ಚೆಂಡು ಬಾಗದೆ ಎಡಕ್ಕೇ ನೆಟ್ಟಗೆ ಹೋಗುತ್ತಿತ್ತು.

ಸ್ಲೈಸ್ ಇರುವವರು ಇನ್ನೊಂದು ಕೆಲಸ ಮಾಡುತ್ತಾರೆ. ಹೇಗೂ ಬಲಕ್ಕೆ ಹೋಗುತ್ತದಲ್ಲ ಅಂತ ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಆಗ ಪಾತ್ ಇನ್ನೂ ಎಡಕ್ಕೆ. ಮನಸ್ಸು ಮಾತ್ರ ಟಾರ್ಗೆಟ್ ಕಡೆಗೇ, ಹಾಗಾಗಿ ಫೇಸ್ ಅಲ್ಲೇ. ಅಂತರ ಜಾಸ್ತಿ ಆಯಿತು, ಬಾಗುವುದೂ ಜಾಸ್ತಿ ಆಯಿತು. ಮರುದಿನ ಇನ್ನಷ್ಟು ಎಡಕ್ಕೆ ನಿಲ್ಲುತ್ತಾರೆ! ಮಾಡಬೇಕಾದ್ದು ಇದರ ಉಲ್ಟಾ. ಭುಜ, ಸೊಂಟ, ಪಾದ ಟಾರ್ಗೆಟ್ ಗೆರೆಗೆ ಸಮಾನಾಂತರ ಇಡಿ. ಕ್ಲಬ್ ಸ್ವಲ್ಪ ಒಳಗಿನಿಂದ ಹೊರಕ್ಕೆ ಹೋಗುವ ಹಾಗೆ ಬೀಸಿ.

ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ? ಆಗ ಫೇಸ್ ನಿಜವಾಗಿಯೂ ಓಪನ್. ಗ್ರಿಪ್, ಮಣಿಕಟ್ಟು ಎರಡನ್ನೂ ನೋಡಿಕೊಳ್ಳಿ. ಬಲಕ್ಕೆ ಹೊರಟು ಬಾಗದೇ ಹೋದರೆ ಫೇಸ್, ಪಾತ್ ಎರಡೂ ಬಲಕ್ಕೆ ಒಂದಾಗಿವೆ. ಎಷ್ಟೋ ಸಲ ನಿಂತ ದಿಕ್ಕೇ ತಪ್ಪಿರುತ್ತದೆ, ಸ್ವಿಂಗ್ ಪಾಪ ಚೆನ್ನಾಗೇ ಇರುತ್ತದೆ.

[ದೃಶ್ಯ: ನೆಲದಲ್ಲಿ ನೆಟ್ಟ ಕೋಲು. ಚೆಂಡು ಅದರ ಎಡಕ್ಕೆ ಹಾದು ಹೋಗುತ್ತದೆ.]

ಹೊರಟ ದಿಕ್ಕು ಬರಿಗಣ್ಣಿಗೆ ಸುಲಭಕ್ಕೆ ಸಿಗುವುದಿಲ್ಲ. ಬಾಗಿದ ಮೇಲಿನದೇ ನೆನಪಿರುತ್ತದೆ. ಅದಕ್ಕೇ ಟಾರ್ಗೆಟ್ ಗೆರೆಯ ಮೇಲೆ ನಾಲ್ಕೈದು ಹೆಜ್ಜೆ ಮುಂದೆ ತೆಳ್ಳಗಿನ ಒಂದು ಕೋಲು ನೆಡಿ. ಚೆಂಡು ಕೋಲಿನ ಯಾವ ಕಡೆ ಹೋಯಿತು ಅಂತ ಹೊಡೆದ ಕೂಡಲೇ ಬರೆದುಕೊಳ್ಳಿ. ಪಕ್ಕದಲ್ಲೇ ಬಾಗಿದ ಕಡೆಯನ್ನೂ ಬರೆಯಿರಿ. ಒಂದು ಹೊಡೆತ ನೋಡಿ ಏನೂ ಬದಲಾಯಿಸಬೇಡಿ, ಹತ್ತಾದರೂ ಆಗಲಿ.

ಟೆರೇಸ್ ಮೇಲೆ ಬಲೆ ಕಟ್ಟಿಕೊಂಡವರಿಗೆ ಅರ್ಧ ಕಥೆಯಷ್ಟೇ ಕಾಣುತ್ತದೆ. ಹೊರಟದ್ದು ತಿಳಿಯುತ್ತದೆ, ಬಾಗಿದ್ದು ಬಲೆಯೊಳಗೇ ಮುಗಿಯುತ್ತದೆ. ಬಯಲೇ ಬೇಕು. ಹೊಲದವರನ್ನು ಕೇಳಿ, ಮುಂದೆ ಜನ, ದನ ಇಲ್ಲ ಅಂತ ನೋಡಿಕೊಂಡೇ ಹೊಡೆಯಿರಿ. ಕೆಳಗೆ ಒಂದು ಮ್ಯಾಟ್ ಹಾಕಿ. ನವಲಗುಂದ ಕಡೆಯ ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಚೆಂಡು ಬಿರುಕಿಗೆ ಬಿದ್ದರೆ ಸಿಗುವುದು ಕಷ್ಟ.

ಗಾಳಿ ಮೋಸ ಮಾಡುತ್ತದೆ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಬರುವುದು ಪಶ್ಚಿಮದಿಂದ. ಉತ್ತರಕ್ಕೆ ಹೊಡೆದರೆ ಸರಿಯಾದ ಚೆಂಡೂ ಬಲಕ್ಕೆ ಸರಿಯುತ್ತದೆ, ನೀವು ಸುಮ್ನೆ ಸ್ವಿಂಗ್‌ಗೆ ಬಯ್ಯುತ್ತೀರಿ. ಪಶ್ಚಿಮಕ್ಕೇ ಮುಖ ಮಾಡಿ. ಎದುರು ಗಾಳಿಯಲ್ಲಿ ಸಣ್ಣ ಬಾಗುವಿಕೆಯೂ ದೊಡ್ಡದಾಗಿ ಕಾಣುತ್ತದೆ, ಕಲಿಯಲು ಅದೇ ಒಳ್ಳೆಯದು. ಬೆಳಿಗ್ಗೆ ಹೋದರೆ ಸೂರ್ಯ ಬೆನ್ನಿಗೂ ಇರುತ್ತಾನೆ.

ಡ್ರೈವರ್‌ಗೆ ಮಾತ್ರ ಇನ್ನೊಂದು ಪರೀಕ್ಷೆ ಬೇಕು.

[ದೃಶ್ಯ: ಡ್ರೈವರ್ ಫೇಸ್‌ಗೆ ಸೀಮೆಸುಣ್ಣ ಸವರುವ ಕೈ.]

ಫೇಸ್‌ಗೆ ಸೀಮೆಸುಣ್ಣ ಸವರಿ ಹೊಡೆಯಿರಿ. ಗುರುತು ಹೀಲ್ ಕಡೆ, ಅಂದರೆ ಕ್ಲಬ್ಬಿನ ಉದ್ದ ಹಿಡಿ ಸೇರುವ ಕಡೆ ಬಿದ್ದಿದ್ದರೆ ಆ ತಪ್ಪೊಂದೇ ಚೆಂಡನ್ನು ಬಲಕ್ಕೆ ಬಾಗಿಸುತ್ತದೆ. ಟೋ ಕಡೆ, ತುದಿಯಲ್ಲಿ ಬಿದ್ದರೆ ಎಡಕ್ಕೆ. ಅಂಥ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವೆ ಗುರುತು ಬಿದ್ದ ಚೆಂಡುಗಳನ್ನಷ್ಟೇ ಬರೆದಿಟ್ಟುಕೊಂಡು, ಆಮೇಲೆ ಪಾತ್ ವಿಚಾರಕ್ಕೆ ಕೈ ಹಾಕಿ.