ಗೋಬರ್ ಗ್ಯಾಸು ಮತ್ತು ಮೂಲೆ ಸೇರಿದ ಮೋಟಾರು

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ವಿಜಯಪುರ ಜಿಲ್ಲೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಸುಟ್ಟ ಮೋಟಾರು ಬರುತ್ತವೆ, ತಂತಿ ಬಿಚ್ಚುತ್ತೇನೆ, ಹೊಸದಾಗಿ ಸುತ್ತುತ್ತೇನೆ. ಬಂದವರು ತಮ್ಮ ಮನೆಯ ಮೂಲೆಯಲ್ಲಿ ಬಿದ್ದಿರುವ ಇನ್ನೊಂದು ಹಳೆ ಮೋಟಾರಿನ ಸುದ್ದಿ ತೆಗೆಯುತ್ತಾರೆ. ಬೋರು ಬಂದ ಮೇಲೆ ಬೇಡವಾದದ್ದು, ಕಣಿಕೆ ಕತ್ತರಿಸುವ ಮಷೀನಿನದ್ದು, ಗಿರಣಿ ಮುಚ್ಚಿದ ಮೇಲೆ ಉಳಿದದ್ದು. "ಗುಜರಿಗೆ ಹಾಕಲೇನು?" ಅಂತ ಕೇಳುತ್ತಾರೆ. ಬೇಡ ಅಂತೀನಿ. ಯಾಕೆ ಬೇಡ ಅನ್ನುವುದೇ ಇವತ್ತಿನ ಮಾತು.

ಕರೆಂಟು ತಿನ್ನುವ ಮೋಟಾರು ಕರೆಂಟು ಕೊಡಲೂ ಬಲ್ಲದು. ಅದಕ್ಕಾಗಿ ಒಳಗೆ ಏನನ್ನೂ ಬದಲಿಸಬೇಕಿಲ್ಲ. ಚಕ್ಕಡಿಯನ್ನು ನೆನೆಸಿಕೊಳ್ಳಿ. ಸಪಾಟು ದಾರಿಯಲ್ಲಿ ಎತ್ತುಗಳು ಚಕ್ಕಡಿಯನ್ನು ಎಳೆಯುತ್ತವೆ. ಇಳಿಜಾರು ಬಂದಾಗ ಚಕ್ಕಡಿಯೇ ಎತ್ತುಗಳನ್ನು ಮುಂದೆ ನೂಕುತ್ತದೆ, ಅಲ್ವಾ? ನಮ್ಮ ಹೊಲದ ಥ್ರೀ ಫೇಸ್ ಮೋಟಾರೂ ಹಾಗೆಯೇ. ಅದರ ತಗಡಿನ ಮೇಲೆ 1440 ಎಂದು ಬರೆದಿರುತ್ತದೆ. ಅಂದರೆ ನಿಮಿಷಕ್ಕೆ 1440 ಸುತ್ತು. ಒಳಗಿನ ಅಯಸ್ಕಾಂತದ ಬಲ ಮಾತ್ರ 1500 ಸುತ್ತು ತಿರುಗುತ್ತಿರುತ್ತದೆ. ರೋಟರು, ಅಂದರೆ ಮೋಟಾರಿನ ಒಳಗೆ ತಿರುಗುವ ಭಾಗ, ಅದಕ್ಕಿಂತ 60 ಸುತ್ತು ಹಿಂದೆ ಬೀಳುತ್ತದೆ, ಎಳೆಸಿಕೊಂಡು ಹೋಗುತ್ತದೆ. ಅದೇ ರೋಟರನ್ನು ಹೊರಗಿನಿಂದ ಒಂದು ಎಂಜಿನ್ನು 1500 ದಾಟಿಸಿ, 1550ರ ಹತ್ತಿರ ತಿರುಗಿಸಿತು ಅನ್ನಿ. ಆಗ ಇಳಿಜಾರಿನ ಚಕ್ಕಡಿ ಆಯಿತು. ನೂಕುವುದು ಈಗ ರೋಟರಿನ ಕೆಲಸ. ಕರೆಂಟು ಹೊರಗೆ ಬರುತ್ತದೆ.

ಆದರೆ ಸುಮ್ನೆ ತಿರುಗಿಸಿದರೆ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಅಕ್ಕನ ಮನೆಯಲ್ಲಿ. ಅವರದು ಊರ ಹೊರಗೆ ತೋಟದ ವಸ್ತಿ. ಎರಡು ಎಮ್ಮೆ, ಒಂದು ಆಕಳು, ಒಂದು ಜೋಡಿ ಎತ್ತು. ಗೋಬರ್ ಗ್ಯಾಸಿನ ಗುಂಡಿ ಮೊದಲಿಂದ ಇತ್ತು, ಅಡುಗೆಗೆ ಬಳಸುತ್ತಿದ್ದರು. ಬಾವಿ ನೀರು ಎತ್ತುತ್ತಿದ್ದ ಹಳೆಯ 5 ಎಚ್‌ಪಿ ಡೀಸೆಲ್ ಎಂಜಿನ್ನೂ ಇತ್ತು, ನಿಧಾನಕ್ಕೆ ಓಡುವ ಥರದ್ದು, ನಿಮಿಷಕ್ಕೆ 850 ಸುತ್ತು. ಮೂಲೆಯಲ್ಲಿ 3 ಎಚ್‌ಪಿ ಮೋಟಾರು. ರಾತ್ರಿ ಕರೆಂಟ್ ಹೋದರೆ ಅಲ್ಲಿ ಕತ್ತಲೆ ಅಂದರೆ ಕತ್ತಲೆ. ಕಬ್ಬಿನ ಹೊಲ, ಹಾವು, ಹುಳ. ಅಕ್ಕ ಒಂದು ದಿನ ಅಂದಳು: "ತಮ್ಮಾ, ಊರ ಮಂದಿ ಮೋಟಾರ್ ಎಲ್ಲಾ ರಿಪೇರಿ ಮಾಡ್ತಿ. ನನ್ನ ಮನಿಗೆ ಒಂದು ದೀಪ ಹಚ್ಚಾಕ ಆಗೂದಿಲ್ಲೇನು?"

ಆ ಮಾತು ನನಗೆ ನಾಟಿತು.

ಎಂಜಿನ್ನಿಗೆ 11 ಇಂಚಿನ ಪುಲ್ಲಿ, ಮೋಟಾರಿಗೆ 6 ಇಂಚಿನದು, ನಡುವೆ ಪಟ್ಟಾ ಹಾಕಿದೆವು. 850ನ್ನು 11ರಿಂದ ಗುಣಿಸಿ 6ರಿಂದ ಭಾಗಿಸಿದರೆ 1558. ಪಟ್ಟಾ ಸ್ವಲ್ಪ ಜಾರಿದರೂ ನಮಗೆ ಬೇಕಾದ ವೇಗ ಸಿಗುತ್ತದೆ. ಎಂಜಿನ್ ಓಡಿತು, ಮೋಟಾರು ತಿರುಗಿತು, ಮೀಟರಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

ಕಾರಣ ಎರಡು. ಲೈನಿಗೆ ಹಚ್ಚಿದಾಗ ಮೋಟಾರು ತನ್ನ ಒಳಗಿನ ಅಯಸ್ಕಾಂತಕ್ಕೆ ಬೇಕಾದ ಕರೆಂಟನ್ನು ಲೈನಿನಿಂದಲೇ ಪಡೆಯುತ್ತದೆ. ಒಂಟಿಯಾಗಿ ಓಡುವಾಗ ಅದನ್ನು ಕೊಡುವವರು ಯಾರು? ಕಂಡೆನ್ಸರ್ ಕೊಡಬೇಕು, ಅಂದರೆ ಕರೆಂಟನ್ನು ಹಿಡಿದಿಟ್ಟು ವಾಪಸ್ ಕೊಡುವ ಡಬ್ಬಿ. ಮೂರು ಫೇಸಿನ ನಡುವೆ ಮೂರು ಕಂಡೆನ್ಸರ್. ಎಷ್ಟು ದೊಡ್ಡದು ಎನ್ನುವುದಕ್ಕೆ ನಾನು ಬಳಸುವ ಲೆಕ್ಕ ಹೇಳುತ್ತೇನೆ. ಮೋಟಾರನ್ನು ಮೊದಲು ಲೈನಿಗೆ ಹಚ್ಚಿ, ಪಟ್ಟಾ ಇಲ್ಲದೆ ಖಾಲಿ ಓಡಿಸಿ, ಒಂದು ವೈರು ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿ. 415 ವೋಲ್ಟಿನ ಮೋಟಾರಿಗೆ ಪ್ರತಿ ಆಂಪಿಯರಿಗೆ ಸುಮಾರು 4.4 ಮೈಕ್ರೋಫ್ಯಾರಡ್, ಅದು ಕಂಡೆನ್ಸರಿನ ಅಳತೆ. ನಮ್ಮದು 2.7 ಆಂಪಿಯರ್ ಎಳೆಯಿತು. ಹಾಗಾಗಿ ಒಂದೊಂದು ಕಂಡೆನ್ಸರ್ 12 ಮೈಕ್ರೋಫ್ಯಾರಡ್. ಲೋಡ್ ಹಾಕಿದಾಗ ವೋಲ್ಟೇಜ್ ಇಳಿಯುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ಇಟ್ಟರೆ ಒಳ್ಳೆಯದು. ಕೊಳ್ಳುವಾಗ 440 ವೋಲ್ಟ್ ಎಸಿ ಎಂದು ಬರೆದಿರುವ ರನ್ನಿಂಗ್ ಕಂಡೆನ್ಸರನ್ನೇ ಕೊಳ್ಳಿ. ಸ್ಟಾರ್ಟಿಂಗ್ ಕಂಡೆನ್ಸರ್ ಕೆಲವು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು, ಇಲ್ಲಿ ಹಾಕಿದರೆ ಸಿಡಿಯುತ್ತದೆ.

ಕಂಡೆನ್ಸರ್ ಹಾಕಿದ ಮೇಲೂ ನಮ್ಮ ಮೋಟಾರು ಏಳಲಿಲ್ಲ. ಅದು ಎರಡನೇ ಕಾರಣ. ಕಬ್ಬಿಣದಲ್ಲಿ ಚೂರಾದರೂ ಅಯಸ್ಕಾಂತದ ಗುಣ ಉಳಿದಿರಬೇಕು. ಹಾಲಿಗೆ ಹೆಪ್ಪು ಇದ್ದ ಹಾಗೆ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಮೋಟಾರಿನಲ್ಲಿ ಅದು ಹೋಗಿರುತ್ತದೆ. ಎಂಜಿನ್ ನಿಲ್ಲಿಸಿ, ಕಂಡೆನ್ಸರ್ ಬಿಚ್ಚಿ, ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯನ್ನು ಎರಡು ವೈರಿಗೆ ಕೆಲವೇ ಸೆಕೆಂಡು ಮುಟ್ಟಿಸಿದೆ. ಮತ್ತೆ ಎಲ್ಲಾ ಜೋಡಿಸಿ ಎಂಜಿನ್ ಓಡಿಸಿದಾಗ ಮುಳ್ಳು ಒಂದೇ ಸಲ ಮೇಲೆದ್ದಿತು. ವೇಗ ಕಡಿಮೆ ಇಟ್ಟು ನಿಧಾನಕ್ಕೆ ಏರಿಸಿ ಅನ್ನುವುದು ಅದಕ್ಕೇ. ಖಾಲಿ ಇರುವಾಗ ವೋಲ್ಟೇಜ್ ಬೇಗ ಮಿತಿ ದಾಟುತ್ತದೆ.

ನಮ್ಮ ಮೋಟಾರು ಸ್ಟಾರ್ ಕನೆಕ್ಷನ್ನಿನದು, ಅಂದರೆ ಮೂರು ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಬಿಂದುವಿನಲ್ಲಿ ಸೇರಿಸಿದ್ದು. ಅದರ ಸ್ಟಾರ್ ಬಿಂದುವಿನಿಂದ ಒಂದು ವೈರು ಹೊರಗೆ ತಂದರೆ ಅದೇ ನ್ಯೂಟ್ರಲ್. ಫೇಸಿಗೂ ಅದಕ್ಕೂ ನಡುವೆ ಮನೆಯ ಬಲ್ಬಿಗೆ ಬೇಕಾದ 240 ವೋಲ್ಟ್ ಸಿಗುತ್ತದೆ. ಲೋಡನ್ನು ಮೂರು ಫೇಸಿಗೂ ಸಮ ಹಂಚಬೇಕು. ಬೋರಿನ ಸಬ್‌ಮರ್ಸಿಬಲ್ ಮೋಟಾರು ಇದಕ್ಕೆ ಬರುವುದಿಲ್ಲ, ಅದನ್ನು ತಂದು ಕೇಳುವವರು ಬಹಳ ಇದ್ದಾರೆ.

ಇನ್ನು ಇಂಧನ. ಡೀಸೆಲ್ ಎಂಜಿನ್ ಅಂದರೆ ಡೀಸೆಲ್ಲೇ ಬೇಕು ಅಂತಿಲ್ಲ. 1900ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಈ ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮ ಹತ್ತಿರ ಇದ್ದದ್ದು ಸೆಗಣಿ. ಒಂದು ದನ ದಿನಕ್ಕೆ ಸುಮಾರು 10 ಕಿಲೋ ಹಾಕುತ್ತದೆ. 25 ಕಿಲೋ ಸೆಗಣಿಗೆ ಒಂದು ಘನ ಮೀಟರ್ ಗ್ಯಾಸು. ಐದು ದನಗಳಿಗೆ ದಿನಕ್ಕೆ ಎರಡು ಘನ ಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಕನ ಒಲೆಗೇ ಬೇಕು. ಉಳಿದದ್ದರಲ್ಲಿ ಎಂಜಿನ್ನು ಸುಮಾರು ಒಂದು ತಾಸು ಓಡುತ್ತದೆ, ಅಷ್ಟೆ. ಇಡೀ ರಾತ್ರಿ ಓಡಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಒಂದು ತಾಸಿನಲ್ಲಿ ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡುತ್ತೇವೆ, ಮನೆಯ ದೀಪಗಳೂ ಉರಿಯುತ್ತವೆ. ಆಮೇಲೆ ಬ್ಯಾಟರಿ ನೋಡಿಕೊಳ್ಳುತ್ತದೆ.

ಗ್ಯಾಸಿನ ಪೈಪನ್ನು ಗಾಳಿ ಒಳಗೆ ಹೋಗುವ ಪೈಪಿಗೆ ಸೇರಿಸಬೇಕು. ಗ್ಯಾಸು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಎಂಜಿನ್ನನ್ನು ಡೀಸೆಲ್ಲಿನಲ್ಲೇ ಚಾಲೂ ಮಾಡಿ, ಆಮೇಲೆ ಗ್ಯಾಸಿನ ಕಾಕ್ ಮೆಲ್ಲಗೆ ತೆರೆಯಿರಿ. ಎಂಜಿನ್ನಿನ ವೇಗ ಕಾಯುವ ಗವರ್ನರ್ ತಾನೇ ಡೀಸೆಲ್ ಕಡಿಮೆ ಮಾಡುತ್ತಾ ಹೋಗುತ್ತದೆ. ಇದನ್ನು ಕಣ್ಣಾರೆ ನೋಡುವುದೇ ಒಂದು ಸಂತೋಷ. ಒಳ್ಳೆಯ ಲೋಡ್ ಇದ್ದರೆ ನೂರರಲ್ಲಿ 80 ಭಾಗದವರೆಗೆ ಡೀಸೆಲ್ ಉಳಿಯುತ್ತದೆ. ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದಲ್ಲ, ಅದು ಗಂಧಕದ ಗಾಳಿ. ಎಂಜಿನ್ನಿನ ಬೇರಿಂಗು, ಆಯಿಲ್ ಎರಡನ್ನೂ ಕೆಡಿಸುತ್ತದೆ. ಲೇತ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಸುರುಳಿಗಳನ್ನು ತುಕ್ಕು ಹಿಡಿಸಿ ಒಂದು ಡಬ್ಬದಲ್ಲಿ ತುಂಬಿ, ಗ್ಯಾಸನ್ನು ಅದರ ಮೂಲಕ ಬಿಟ್ಟರೆ ವಾಸನೆ ಅಲ್ಲೇ ನಿಲ್ಲುತ್ತದೆ.

ಇದು ನಮ್ಮ ಮನೆಯದೇ ಹೊಸ ವಿಚಾರ ಅಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲಿ ಊರ ಸೆಗಣಿಯಿಂದಲೇ ಎಂಜಿನ್ ಓಡಿಸಿದರು. ಅದಕ್ಕೂ ಮೊದಲು ಎಲ್ಲರ ಅಡುಗೆಗೆ ಗ್ಯಾಸು ಕೊಡಲು ನೋಡಿದ್ದರು, ಸಾಲಲಿಲ್ಲ. ಆಮೇಲೆ ಅದೇ ಗ್ಯಾಸಿನಿಂದ ಕರೆಂಟು ಮಾಡಿ, ಮನೆಗಳಿಗೆ ಬೆಳಕು ಮತ್ತು ನಳದ ನೀರು ಕೊಟ್ಟರು.

ಈಗ ಹೇಳುವ ಮಾತನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಮನೆಯಲ್ಲಿ ಮಾಡಿದ ಕರೆಂಟನ್ನು ಯಾವ ಕಾರಣಕ್ಕೂ ಮನೆಯ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಲೈನ್ ಹೋಗಿದೆ, ಏನಾಗುತ್ತದೆ ಅನ್ನಬೇಡಿ. ನಿಮ್ಮ ಕರೆಂಟು ಕಂಬ ಹತ್ತಿ ಟ್ರಾನ್ಸ್‌ಫಾರ್ಮರ್ ಮುಟ್ಟಿದರೆ, ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲಸ ಮಾಡುತ್ತದೆ. ಆ ಕಡೆ 11 ಸಾವಿರ ವೋಲ್ಟಿನ ತಂತಿ ಜೀವ ಪಡೆಯುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬದ ಮೇಲೆ ಒಬ್ಬ ಲೈನ್‌ಮನ್ ಇರುತ್ತಾನೆ. ನನ್ನ ಅಂಗಡಿಗೆ ಚಹಾಕ್ಕೆ ಬರುವ ಲೈನ್‌ಮನ್ನರ ಮುಖ ನನಗೆ ಗೊತ್ತು, ಅವರ ಮಕ್ಕಳೂ ಗೊತ್ತು. ಅದಕ್ಕೇ ನಾನು ಚೇಂಜ್ ಓವರ್ ಸ್ವಿಚ್ ಇಲ್ಲದೆ ಯಾರಿಗೂ ಈ ಕೆಲಸ ಮಾಡಿಕೊಡುವುದಿಲ್ಲ. ಲೈನ್ ಇದ್ದರೆ ಲೈನು, ಇಲ್ಲದಿದ್ದರೆ ಎಂಜಿನ್ನು. ಎರಡೂ ಒಂದೇ ಸಲ ಸೇರದ ಹಾಗೆ ಆ ಸ್ವಿಚ್ ತಡೆಯುತ್ತದೆ. ನ್ಯೂಟ್ರಲ್ ಕೂಡ ಅದರಲ್ಲೇ ಬದಲಾಗಬೇಕು. ವೈರಿಂಗನ್ನು ಲೈಸೆನ್ಸ್ ಇರುವವರಿಂದ ಮಾಡಿಸಿ, ಅರ್ಥಿಂಗ್ ಬಿಡಬೇಡಿ. ಎಂಜಿನ್ ನಿಂತ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಹೊಗೆ ವಿಷ, ಹಾಗಾಗಿ ಎಂಜಿನ್ನು ಮಲಗುವ ಮನೆಯಿಂದ ದೂರ ಇರಲಿ.

ಒಂದು ದಿನ ಮಾಮಾ ಇದಕ್ಕೆ ನೀರಿನ ಪಂಪ್ ಹಚ್ಚಿದರು. ಪಂಪ್ ಏಳುವಾಗ ಎಳೆಯುವ ಕರೆಂಟು ಬಹಳ. ವೋಲ್ಟೇಜ್ ಪೂರ್ತಿ ಕುಸಿದು, ಅಯಸ್ಕಾಂತದ ಗುಣವೂ ಹೋಗಿ, ಮತ್ತೆ ಟ್ರ್ಯಾಕ್ಟರ್ ಬ್ಯಾಟರಿ ತರಬೇಕಾಯಿತು. ನಿಲ್ಲಿಸುವಾಗಲೂ ಅದೇ ತೊಂದರೆ. ಲೋಡ್ ಇದ್ದಾಗಲೇ ಎಂಜಿನ್ ನಿಲ್ಲಿಸಿದರೆ ಹೆಪ್ಪು ಕರಗುತ್ತದೆ.

ಈಗ ಅದನ್ನೆಲ್ಲ ನೋಡಿಕೊಳ್ಳುವುದು ಅಕ್ಕನೇ. ಊಟ ಆದ ಮೇಲೆ ಹೊರಗೆ ಬರುತ್ತಾಳೆ. ಮೊದಲು ಲೋಡಿನ ಸ್ವಿಚ್ ತೆಗೆಯುತ್ತಾಳೆ, ಗ್ಯಾಸಿನ ಕಾಕ್ ಮುಚ್ಚುತ್ತಾಳೆ, ಎಂಜಿನ್ನು ಒಂದೆರಡು ನಿಮಿಷ ಬರೀ ಡೀಸೆಲ್ಲಿನಲ್ಲಿ ಓಡಲು ಬಿಟ್ಟು, ಆಮೇಲೆ ನಿಲ್ಲಿಸುತ್ತಾಳೆ. ಪಟ್ಟಾದ ಸದ್ದು ನಿಧಾನವಾಗಿ ಇಳಿಯುತ್ತದೆ. ಬ್ಯಾಟರಿಯ ಬೆಳಕಿನಲ್ಲಿ ಎಮ್ಮೆಗಳಿಗೆ ಕಣಿಕೆ ಹಾಕಿ ಒಳಗೆ ಬರುತ್ತಾಳೆ.

ನಮಸ್ಕಾರ.