ಪೆಟ್ಟಿಗೆ ಬದಲಾದರೆ ನಾದ ಬದಲಾದೀತೇ?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಸ್ಟೀರಿಯೋ ಇಟ್ಟುಕೊಂಡು ಸಂಗೀತ ಕೇಳುವವರನ್ನು ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆಯೊಂದಿದೆ. ಈಗಿರುವ ಡ್ಯಾಕ್ ತೆಗೆದು ಹೆಚ್ಚು ಬೆಲೆಯದನ್ನು ತಂದರೆ ಹಾಡು ಇನ್ನಷ್ಟು ಚೆನ್ನಾಗಿ ಕೇಳಿಸೀತೇ? ಸಿ.ಡಿ.ಯಲ್ಲೋ ಕಂಪ್ಯೂಟರಿನಲ್ಲೋ ಅಂಕಿಗಳಾಗಿ ಕುಳಿತಿರುವ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಅಲೆಯನ್ನಾಗಿ ಮಾರ್ಪಡಿಸುವ ಉಪಕರಣಕ್ಕೆ ಡ್ಯಾಕ್ ಎಂದು ಹೆಸರು. ಅದು ಸಿ.ಡಿ. ಪ್ಲೇಯರಿನ ಒಳಗೇ ಅಡಗಿರಬಹುದು, ಪ್ರತ್ಯೇಕ ಪೆಟ್ಟಿಗೆಯಾಗಿಯೂ ಇರಬಹುದು. ಕೆಲವು ಸಾವಿರ ರೂಪಾಯಿಗೂ ಸಿಗುತ್ತದೆ, ಲಕ್ಷಗಳಿಗೂ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ಇಂಥದೊಂದನ್ನು ಕೊಂಡು ತಂದೆ. ಮೊದಲ ಸಂಜೆಯೇ ತಂಬೂರಿಯ ಝೇಂಕಾರ ತುಂಬಿ ಬಂದಂತೆ, ಗಾಯಕರು ಒಂದು ಹೆಜ್ಜೆ ಮುಂದೆ ಬಂದು ಕುಳಿತಂತೆ ಅನ್ನಿಸಿತು. ವಾರ ಕಳೆದ ಮೇಲೆ, ವೃತ್ತಿಯ ಅಭ್ಯಾಸಬಲದಿಂದ, ಸೆಕೆಂಡಿಗೆ ನೂರು ಬಾರಿ ಕಂಪಿಸುವ, ಎಂದರೆ 100 ಹರ್ಟ್ಜ್‌ನ ಒಂದೇ ಶ್ರುತಿಯನ್ನು ಎರಡೂ ಪೆಟ್ಟಿಗೆಗಳಲ್ಲಿ ನುಡಿಸಿ ಮಲ್ಟಿಮೀಟರ್ ಹಿಡಿದು ನೋಡಿದೆ. ಹಳೆಯದು 1.7 ವೋಲ್ಟ್ ಕೊಡುತ್ತಿತ್ತು, ಹೊಸದು 2.1 ವೋಲ್ಟ್. ಸದ್ದಿನ ಮಟ್ಟವನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಈ ಅಂತರ ಎರಡಕ್ಕೆ ಸ್ವಲ್ಪವೇ ಕಡಿಮೆ. ಇಷ್ಟು ಅಲ್ಪ ಏರಿಕೆಯನ್ನು ಕಿವಿಯು ಅನೇಕ ವೇಳೆ ಸದ್ದು ಹೆಚ್ಚಾಯಿತು ಎಂದು ಗುರುತಿಸುವುದಿಲ್ಲ. ನಾದ ತುಂಬಿತು, ತಿಳಿಯಾಯಿತು ಎಂದೇ ಗುರುತಿಸುತ್ತದೆ. ಆಂಪ್ಲಿಫೈಯರಿನ ತಿರುಗುಣಿಯಿಂದ ಎರಡನ್ನೂ ಸಮಮಟ್ಟಕ್ಕೆ ತಂದು ಕೇಳಿದಾಗ, ಒಂದು ಹೆಜ್ಜೆ ಮುಂದೆ ಬಂದಿದ್ದ ಗಾಯಕರು ಮತ್ತೆ ತಮ್ಮ ಹಳೆಯ ಜಾಗಕ್ಕೇ ಹೋಗಿ ಕುಳಿತಿದ್ದರು. ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಯಾರೂ ಮೀಟರ್ ಹಿಡಿಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಮಟ್ಟ ಸಮವಾದೊಡನೆ ಎರಡು ಪೆಟ್ಟಿಗೆಗಳ ವ್ಯತ್ಯಾಸ ಮಾಯವಾಗುವುದಕ್ಕೆ ಕಾರಣ ಡಿಜಿಟಲ್ ಧ್ವನಿಮುದ್ರಣದ ರಚನೆಯಲ್ಲೇ ಇದೆ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮಟ್ಟಗಳ ಪೈಕಿ ಒಂದಕ್ಕೆ ಹೊಂದಿಸಿ ಬರೆದಿರುತ್ತದೆ. ಹೀಗೆ ತುಂಡು ತುಂಡಾಗಿ ಅಳೆದ ಅಲೆ ಮೆಟ್ಟಿಲು ಮೆಟ್ಟಿಲಾಗಿಯೇ ಹೊರಬರುತ್ತದೆ, ದುಬಾರಿ ಯಂತ್ರ ಆ ಮೆಟ್ಟಿಲುಗಳನ್ನು ಸಣ್ಣದು ಮಾಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಅಳತೆಯ ದರದ ಅರ್ಧಕ್ಕಿಂತ ಕೆಳಗಿನ, ಎಂದರೆ 22,050 ಹರ್ಟ್ಜ್‌ಗಿಂತ ಕೆಳಗಿನ ಅಲೆಗಳೆಲ್ಲ ಡ್ಯಾಕ್‌ನ ಶೋಧಕವನ್ನು, ಎಂದರೆ ಫಿಲ್ಟರನ್ನು, ದಾಟಿ ನುಣುಪಾದ ಅಲೆಗಳಾಗಿಯೇ ಹೊರಬರುತ್ತವೆ. ಎಳೆಯ ಕಿವಿಗೇ 20,000 ಹರ್ಟ್ಜ್‌ಗಿಂತ ಮೇಲಿನದು ಕೇಳಿಸದು. ದುಬಾರಿ ಯಂತ್ರ ಕೊಳ್ಳುವಷ್ಟು ಹಣ ಕೈಗೆ ಬರುವ ವಯಸ್ಸಿಗೆ ಆ ಮಿತಿಯೂ ಸಾಕಷ್ಟು ಇಳಿದಿರುತ್ತದೆ. ನನ್ನ ಈ ಮಾತನ್ನು ಎಫ್.ಎಂ.ನಲ್ಲಿ ಕೇಳುತ್ತಿರುವವರಿಗೆ ತಲುಪುತ್ತಿರುವುದು 15,000 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ, ಏನೋ ಕೊರತೆಯಾಯಿತೆಂದು ಅವರಿಗೆ ಅನ್ನಿಸಿರಲಾರದು.

ಮೊದಮೊದಲ ಯಂತ್ರಗಳು ಪರಿಪೂರ್ಣವಾಗಿದ್ದವೆಂದು ನಾನು ಹೇಳುವುದಿಲ್ಲ. ಫಿಲಿಪ್ಸ್‌ನ ಮೊದಲ ಪ್ಲೇಯರಿನಲ್ಲಿದ್ದ ಚಿಪ್, ಆ 65,536 ಮಟ್ಟಗಳಿಗೆ ಬೇಕಾದ 16 ಬಿಟ್‌ನದಲ್ಲ, 14 ಬಿಟ್‌ನದು. ಆ ಕಾಲದಲ್ಲಿ ಯಂತ್ರ ಬದಲಿಸುವುದಕ್ಕೆ ಒಂದು ಅರ್ಥವಿತ್ತು. ಇಂದು ಅಗ್ಗದ ಡ್ಯಾಕ್‌ನಲ್ಲೂ ವಿರೂಪದ, ಎಂದರೆ ಮೂಲದಲ್ಲಿಲ್ಲದ ಸದ್ದು ಬೆರೆಯುವುದರ, ಪ್ರಮಾಣ ಶೇಕಡಾ 0.001ರ ಆಸುಪಾಸಿಗೆ ಇಳಿದಿರುವುದು ಸಾಮಾನ್ಯ.

ಇನ್ನು ಸಿ.ಡಿ.ಗಿಂತ ಮೇಲ್ಮಟ್ಟದ್ದೆಂದು ಮಾರಾಟವಾಗುವ ಧ್ವನಿಮುದ್ರಣಗಳ ಮಾತು. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಂಥ ಧ್ವನಿಮುದ್ರಣವನ್ನು ನೇರವಾಗಿಯೂ ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ತಿಳಿಸದೆ ಗುರುತಿಸಲು ಹೇಳಲಾಯಿತು. 554 ಯತ್ನಗಳಲ್ಲಿ ಸರಿಯಾದವು 276. ನಾಣ್ಯ ಚಿಮ್ಮಿ ಹೇಳಿದ್ದರೂ ಸರಿಸುಮಾರು ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸರಿಯುತ್ತರದ ಪ್ರಮಾಣ ಶೇಕಡಾ 52.3 ಬಂತು, ತರಬೇತಿ ಪಡೆದ ಕಿವಿಗಳಲ್ಲಿ ಅದು ಇನ್ನೂ ಹೆಚ್ಚಿತ್ತು. ಆದ್ದರಿಂದ ವ್ಯತ್ಯಾಸ ಸೊನ್ನೆ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಹುಡುಕಬೇಕಾದ ವ್ಯತ್ಯಾಸಕ್ಕೆ ಮನೆಯ ಉಳಿತಾಯವನ್ನು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಏಕೆಂದರೆ ಇದಕ್ಕಿಂತ ನೂರಾರು ಪಟ್ಟು ದೊಡ್ಡ ದೋಷಗಳು ಅದೇ ಕೋಣೆಯಲ್ಲಿ ನಮ್ಮ ಕಣ್ಣೆದುರಿಗೇ ಇವೆ. ಸ್ಪೀಕರು ಗಟ್ಟಿಯಾಗಿ ನುಡಿಯುವಾಗ ಮಂದ್ರದ ಸ್ವರಗಳಲ್ಲಿ ಶೇಕಡಾ ಒಂದು ವಿರೂಪ ಸಹಜ, ಅದಕ್ಕಿಂತ ಹೆಚ್ಚೂ ಆಗಬಹುದು. ಕೋಣೆಯದು ಇನ್ನೂ ದೊಡ್ಡ ಕಥೆ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಜ್‌ನ ಆಸುಪಾಸಿನ ಸದ್ದು ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ; ಗೋಡೆಗೆ ಒರಗಿ ಕುಳಿತವರಿಗೆ ಅದು ಗುಮ್ಮೆಂದು ಉಬ್ಬಿ ಕೇಳಿಸಿದರೆ, ಕೋಣೆಯ ನಡುವೆ ಕುಳಿತವರಿಗೆ ಇಲ್ಲವೇ ಇಲ್ಲವೆನ್ನುವಷ್ಟು ಬಡವಾಗುತ್ತದೆ. ಇಂಥ ಏರಿಳಿತ 10 ಡೆಸಿಬೆಲ್ ದಾಟುವುದುಂಟು. ಅದರ ಮೇಲೆ ನಮ್ಮ ಮನೆಗಳ ಸಿಮೆಂಟಿನ ಗೋಡೆ, ಮೊಸಾಯಿಕ್ ನೆಲ ಅಥವಾ ಟೈಲ್ಸ್, ಹೊಸ ಮನೆಯಾದರೆ ಪರದೆಯಿಲ್ಲದ ದೊಡ್ಡ ಗಾಜಿನ ಕಿಟಕಿ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ; ಅದರ ಬಾಲಕ್ಕೆ ಝಣಝಣ ಎಂಬ ಮಾರ್ದನಿ ಅಂಟಿಕೊಂಡು ಬಂದರೆ, ಹಾಡಿನ ಪ್ರತಿಯೊಂದು ಅಕ್ಷರಕ್ಕೂ ಅದೇ ಬಾಲ ಅಂಟುತ್ತದೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಮೂಲೆಯಿಂದ ಎರಡು ಅಡಿ ಈಚೆಗೆ ಎಳೆದ ಸ್ಪೀಕರುಗಳು: ನನ್ನ ಮನೆಯಲ್ಲಿ ಇಷ್ಟರಿಂದ ಆದ ಬದಲಾವಣೆಯನ್ನು, ಸಂಗೀತದ ಗಂಧವಿಲ್ಲದ ನೆರೆಯವರೂ ಕೇಳಿದೊಡನೆ ಗುರುತಿಸಿದರು.

ಡಿಜಿಟಲ್ ಭಾಗವನ್ನೇ ಸರಿಪಡಿಸಬೇಕಾದ ಸಂದರ್ಭಗಳೂ ಇವೆ. ಸಿ.ಡಿ.ಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಬರುತ್ತದೆ. ಅದನ್ನು ಹಿಂಡಿ 128 ಕಿಲೋಬಿಟ್‌ಗೆ ಇಳಿಸಿದ ಹಳೆಯ ಎಂ.ಪಿ.3 ಕಡತದಲ್ಲಿ ತಾಳದ ಕಂಚಿನ ನಾದ ಮಸುಕಾಗುವುದನ್ನು ಗಮನವಿಟ್ಟು ಕೇಳುವವರು ಹಿಡಿಯಬಲ್ಲರು. ಅಲ್ಲಿ ಬದಲಾಗಬೇಕಾದದ್ದು ಕಡತ, ಯಂತ್ರವಲ್ಲ. ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ನೇರವಾಗಿ ಆಂಪ್ಲಿಫೈಯರ್‌ಗೆ ತಂತಿ ಎಳೆದವರಿಗೆ, ಮೌಸ್ ಸರಿಸಿದಾಗಲೆಲ್ಲ ಕಿರಗುಟ್ಟುವ ಸದ್ದು ಪರಿಚಿತವಿರಬಹುದು. ಅವರಿಗೆ ಹೊರಗಿನ ಒಂದು ಸಾಧಾರಣ ಡ್ಯಾಕ್ ನಿಜವಾಗಿಯೂ ನೆಮ್ಮದಿ ತರುತ್ತದೆ. ಆದರೆ ಸ್ಪೀಕರಿನಲ್ಲಿ ಸದಾ ಗುಂಯ್ ಎನ್ನುವ ಸದ್ದಿದ್ದರೆ ಅದು ಬಹುತೇಕ ಮನೆಯ 50 ಹರ್ಟ್ಜ್ ವಿದ್ಯುತ್ತಿನದೇ. ಅದಕ್ಕೆ ಆಡಿಯೋ ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಪ್ಲಗ್ಗಿನ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸುವುದು ಲೇಸು. ನಮಸ್ಕಾರ.